ಕೊಂಚ ಮಂದವಾದ ಕಿವಿಗೆ ಮೊಬೈಲಿನ ನೆರವು

ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ವಾಚಕರಿಗೆ ಈ ಸಂಗತಿ ಹೊಸದಲ್ಲ. ಬೆಳಗಿನ ವಾರ್ತೆಯ ಹೊತ್ತಿಗೆ ಯಜಮಾನರು ಬಂದು ಕುಳಿತು ಗುಂಡಿಯನ್ನು ಕೊಂಚ ಬಲಕ್ಕೆ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ಬಂದು ಅದನ್ನು ಎಡಕ್ಕೆ ತಿರುಗಿಸುತ್ತಾರೆ. ಅವರು ಅತ್ತ ಹೋದೊಡನೆ ಗುಂಡಿ ಮತ್ತೆ ಬಲಕ್ಕೆ ಬರುತ್ತದೆ. ವರ್ಷ ಕಳೆದಂತೆ ಬಲಕ್ಕೆ ತಿರುಗುವುದು ಹೆಚ್ಚುತ್ತ ಹೋಗುತ್ತದೆ. ಕಾರಣ ಕೇಳಿದರೆ, “ಈಚೆಗೆ ಓದುವವರ ಉಚ್ಚಾರಣೆಯೇ ಸ್ಪಷ್ಟವಿಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕನ್ನಡ ಪಂಡಿತನಾದ ನಾನಂತೂ ಈ ಮಾತನ್ನು ಬಹಳ ಅಧಿಕಾರದಿಂದ ಎರಡು ಮೂರು ವರ್ಷ ಹೇಳುತ್ತ ಬಂದೆ. ದೋಷ ಓದುವವರದಲ್ಲ, ಕೇಳುವ ನನ್ನದು ಎಂದು ತಿಳಿದದ್ದು ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ.

ಒಂಬತ್ತನೆಯ ತರಗತಿಗೆ ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವ ಬಗೆಯನ್ನು ಹೇಳಿಕೊಟ್ಟಿದ್ದೆ. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೊಸ ಹೊಸತಾಯಿತು ಎಂದು ಮುಂತಾಗಿ. ಮರುದಿನ ಹಲಗೆಯ ಮೇಲೆ ಬರೆಯುತ್ತ, ತಿರುಗಿ ನೋಡದೆಯೇ, “ಪಾಲ್ ಎಂಬುದರ ಹೊಸಗನ್ನಡ ರೂಪ ಯಾವುದು?” ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಉತ್ತರ ಹೇಳಿದಳು. ನನ್ನ ಕಿವಿಗೆ ಬಿದ್ದದ್ದು “ಪಾಲು, ಸರ್” ಎಂದು. “ನಿನ್ನೆ ತಾನೆ ಹೇಳಿಕೊಟ್ಟೆನಲ್ಲಮ್ಮ! ಉಕಾರ ಸೇರಿಸಿದರೆ ಆಯಿತೆ? ಗಮನ ಎಲ್ಲಿತ್ತು?” ಎಂದು ಗದರಿಸಿ, ಪಾಠ ಮುಗಿಯುವವರೆಗೆ ಅವಳನ್ನು ನಿಲ್ಲಿಸಿದೆ. ಅವಳು ಎದುರು ಮಾತಾಡಲಿಲ್ಲ. ಗಂಟೆ ಹೊಡೆದ ಮೇಲೆ ಇನ್ನೊಬ್ಬ ಹುಡುಗ ಮೇಜಿನ ಬಳಿ ಬಂದು, “ಸರ್, ಅವಳು ಹಾಲು ಅಂತಲೇ ಹೇಳಿದ್ಲು. ನಮಗೆಲ್ಲ ಕೇಳಿಸ್ತು” ಎಂದ. ಉಳಿದವರೂ ಹೌದೆಂದರು. ಸರಿಯಾಗಿ ಉತ್ತರಿಸಿದ ಮಗು ನನ್ನ ಕಿವಿಯ ತಪ್ಪಿಗಾಗಿ ಅರ್ಧ ಗಂಟೆ ನಿಂತಿತ್ತು. ಅದಾದ ಮೇಲೆ ಬಹಳ ದಿನ ಅವಳು ನನ್ನ ತರಗತಿಯಲ್ಲಿ ಕೈಯೆತ್ತಲಿಲ್ಲ.

ಈ ತಪ್ಪು ಹೇಗಾಯಿತೆಂಬುದನ್ನು ಹುಡುಕಿಕೊಂಡು ಹೋದಾಗ ನಾನು ಕಲಿತ ಕೆಲವು ಸಂಗತಿಗಳನ್ನೂ, ಈಗ ಎಲ್ಲರ ಕೈಯಲ್ಲೂ ಇರುವ ಮೊಬೈಲು ಇಂಥ ಕಿವಿಗೆ ಎಷ್ಟು ಸಹಾಯ ಮಾಡಬಲ್ಲದು, ಎಷ್ಟು ಮಾಡಲಾರದು ಎಂಬುದನ್ನೂ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಪೂರ್ತಿ ಕಿವುಡಾದವರ ವಿಷಯ ಇಲ್ಲಿಲ್ಲ. “ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ” ಎನ್ನುವವರಿಗಾಗಿ ಇದನ್ನು ಬರೆದಿದ್ದೇನೆ.

ಶಬ್ದವೆಂಬುದು ಗಾಳಿಯ ಕಂಪನ. ಎಳೆಯ ವಯಸ್ಸಿನ ಒಳ್ಳೆಯ ಕಿವಿ ಸೆಕೆಂಡಿಗೆ 20 ಕಂಪನಗಳಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ಕಂಪನ ಕಡಮೆಯಾದರೆ ಧ್ವನಿ ತಗ್ಗು, ಹೆಚ್ಚಾದರೆ ಕೀಚಲು. ಕಂಪನವು ಕಿವಿಯ ತಮಟೆಗೆ ತಾಕಿ, ಮೂರು ಪುಟ್ಟ ಎಲುಬುಗಳ ಮೂಲಕ ಒಳಗಿವಿಯನ್ನು ಸೇರುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವುಂಟು. ಕಾಕ್ಲಿಯಾ ಎಂದು ಅದರ ಹೆಸರು. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲುಗಟ್ಟಿ ನಿಂತು, ತಮ್ಮ ತಮ್ಮ ಪಾಲಿನ ಕಂಪನಕ್ಕೆ ಮಿಡಿದು ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಕೀಚಲು ಧ್ವನಿಗೆ ಮಿಡಿಯತಕ್ಕ ಕೋಶಗಳು ಸುರುಳಿಯ ಬಾಗಿಲ ಬಳಿಯಲ್ಲೇ ಇವೆ. ವಯಸ್ಸಿನಿಂದಲೂ ಗದ್ದಲದಿಂದಲೂ ಮೊದಲು ಸವೆಯುವುವು ಇವೇ. ಮನುಷ್ಯನ ಒಳಗಿವಿಯಲ್ಲಿ ಒಮ್ಮೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಇಲ್ಲಿ ನಮ್ಮ ವ್ಯಾಕರಣ ನೆರವಿಗೆ ಬರುತ್ತದೆ. ಅಕ್ಷರಗಳನ್ನು ಸ್ವರ ವ್ಯಂಜನಗಳೆಂದು ವಿಂಗಡಿಸಿದ ಹಿರಿಯರು, ವ್ಯಂಜನಗಳಲ್ಲಿ ಮತ್ತೆ ಘೋಷ ಅಘೋಷಗಳೆಂದು ಭೇದ ಮಾಡಿದರು. ವರ್ಗಗಳ ಮೊದಲೆರಡು ಅಕ್ಷರಗಳೂ ಶ, ಷ, ಸಗಳೂ ಅಘೋಷಗಳು. ಅಂದರೆ ಅವನ್ನು ಉಚ್ಚರಿಸುವಾಗ ಕಂಠದ ನಾದ ಇರುವುದಿಲ್ಲ. ಬರಿಯ ಉಸಿರು, ಇಲ್ಲವೆ ಉಸಿರಿನ ಒಂದು ಸಿಡಿತ. ಯಂತ್ರದಲ್ಲಿ ಅಳೆದು ನೋಡಿದರೂ ಇದೇ ಕಾಣುತ್ತದೆ. ಆ, ಈ, ಊಗಳಂಥ ಸ್ವರಗಳ ಮುಖ್ಯ ಬಲವೆಲ್ಲ ತಗ್ಗು ಕಂಪನಗಳಲ್ಲಿದೆ. ಸಕಾರದ ಬಲವಿರುವುದು 4,000 ಕಂಪನಗಳಿಗೂ ಮೇಲೆ. ಸ್ವರಗಳಿಗೆ ಬಲ ಹೆಚ್ಚು, ಅಘೋಷ ವ್ಯಂಜನಗಳಿಗೆ ಕಡಮೆ. ಆದರೆ ಶಬ್ದ ಶಬ್ದಗಳನ್ನು ಬೇರ್ಪಡಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಈ ಬಡ ವ್ಯಂಜನಗಳೇ. ಹಾಲು, ಸಾಲು, ಕಾಲು, ಪಾಲು ಎಂಬ ನಾಲ್ಕು ಮಾತುಗಳನ್ನು ನೋಡಿ. ಅವುಗಳಿಂದ ಮೊದಲ ವ್ಯಂಜನವನ್ನು ತೆಗೆದುಹಾಕಿದರೆ ಉಳಿಯುವುದು ನಾಲ್ಕರಲ್ಲೂ ಒಂದೇ: ‘ಆಲು’. ಮಂದವಾದ ಕಿವಿಗೆ ಬೀಳುವುದು ಹೆಚ್ಚುಕಡಮೆ ಅಷ್ಟೇ. ಮುಂದಿನದು ಊಹೆಯ ಕೆಲಸ. ಆ ದಿನ ನನ್ನ ತಲೆಯಲ್ಲಿ ‘ಪಾಲ್’ ಎಂಬ ಶಬ್ದವೇ ಇದ್ದುದರಿಂದ ನನ್ನ ಊಹೆ ‘ಪಾಲು’ ಎಂದಿತು.

ಆದುದರಿಂದಲೇ ರೇಡಿಯೋ ಗುಂಡಿಯನ್ನು ತಿರುಗಿಸುವುದರಿಂದ ಪೂರ್ತಿ ಪ್ರಯೋಜನವಾಗುವುದಿಲ್ಲ. ಧ್ವನಿ ಹೆಚ್ಚಿಸಿದರೆ ಮೊದಲೇ ಚೆನ್ನಾಗಿ ಕೇಳುತ್ತಿದ್ದ ಸ್ವರಗಳು ಅಬ್ಬರಿಸುತ್ತವೆ. ವ್ಯಂಜನಗಳು ಆ ಅಬ್ಬರದಲ್ಲಿ ಮತ್ತೆ ಮುಚ್ಚಿಹೋಗುತ್ತವೆ. ಹಳೆಯ ರೇಡಿಯೋಗಳಲ್ಲಿ ಧ್ವನಿಯ ಗುಂಡಿಯ ಪಕ್ಕದಲ್ಲಿ ಟೋನ್ ಗುಂಡಿ ಎಂಬ ಇನ್ನೊಂದು ಇರುತ್ತಿದ್ದುದನ್ನು ಕೆಲವರಾದರೂ ಬಲ್ಲಿರಿ. ಅದನ್ನು ಒಂದು ಕಡೆ ತಿರುಗಿಸಿದರೆ ತಗ್ಗು ಧ್ವನಿ ತುಂಬಿ ಬರುತ್ತಿತ್ತು; ಇನ್ನೊಂದು ಕಡೆ ತಿರುಗಿಸಿದರೆ ಕೀಚಲು ಧ್ವನಿ ಎದ್ದು ಕೇಳುತ್ತಿತ್ತು. ಮಂದವಾದ ಕಿವಿಗೆ ಬೇಕಾದದ್ದು ಆ ಎರಡನೆಯ ಗುಂಡಿ.

ಇನ್ನೊಂದು ತೊಡಕೂ ಉಂಟು. “ತಾತಾ, ಊಟಕ್ಕೆ ಬನ್ನಿ” ಎಂದು ಮೊಮ್ಮಗಳು ಎರಡು ಸಲ ಕರೆದರೂ ತಾತನಿಗೆ ಕೇಳಿಸುವುದಿಲ್ಲ. ಮೂರನೆಯ ಸಲ ಕೂಗಿದರೆ, “ಯಾಕೆ ಹಾಗೆ ಕಿರುಚುತ್ತೀ? ನಾನೇನು ಕಿವುಡನೆ?” ಎಂದು ರೇಗುತ್ತಾರೆ. ಮನೆಯವರು ಇದನ್ನು ಮುಂಗೋಪವೆಂದು ತಿಳಿಯುತ್ತಾರೆ. ಅದು ಮುಂಗೋಪವಲ್ಲ. ರೋಮಕೋಶಗಳು ಸವೆದ ಕಿವಿಗೆ ಮೆಲುದನಿ ಕೇಳಿಸುವುದಿಲ್ಲ. ಗಟ್ಟಿದನಿ ಮಾತ್ರ ಇತರರಿಗೆ ಕೇಳಿಸುವಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಎರಡರ ನಡುವಣ ಅಂತರ ಕಿರಿದಾಗಿಹೋಗಿರುತ್ತದೆ. ಆದಕಾರಣ ಒಳ್ಳೆಯ ಶ್ರವಣಯಂತ್ರ ಮೆಲುದನಿಯನ್ನು ಹೆಚ್ಚಿಸಿ, ಗಟ್ಟಿದನಿಯನ್ನು ಇದ್ದಂತೆಯೇ ಬಿಡಬೇಕು. ಇದನ್ನೂ ಟೋನ್ ಗುಂಡಿಯ ಕೆಲಸವನ್ನೂ ಒಟ್ಟಿಗೆ ಮಾಡಬಲ್ಲ ಪುಟ್ಟ ಗಣಕಯಂತ್ರವೊಂದು ಈಗ ನಮ್ಮೆಲ್ಲರ ಜೇಬಿನಲ್ಲಿದೆ.

ಟೆಲಿಫೋನಿಗೂ ಕಿವಿಯ ಮಂದತೆಗೂ ಹಳೆಯ ನಂಟುಂಟು. 1876ರಲ್ಲಿ ಟೆಲಿಫೋನಿನ ಪೇಟೆಂಟು ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ವೃತ್ತಿಯಿಂದ ಕಿವುಡರ ಉಪಾಧ್ಯಾಯನಾಗಿದ್ದವನು. ಅವನ ತಾಯಿಗೆ ಕಿವಿ ಬಹಳ ಮಂದವಾಗಿತ್ತು. ಹೆಂಡತಿಗೆ ಏನೂ ಕೇಳಿಸುತ್ತಿರಲಿಲ್ಲ. ಧ್ವನಿಯ ಮಟ್ಟವನ್ನು ಅಳೆಯುವ ಡೆಸಿಬೆಲ್ ಎಂಬ ಮಾನಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಮುಂದೆ ಬಂದ ವಿದ್ಯುತ್ ಶ್ರವಣಯಂತ್ರಗಳು ಟೆಲಿಫೋನಿನ ತತ್ತ್ವದಿಂದಲೇ ಹುಟ್ಟಿದವು.

ಮೊಬೈಲಿನ ವಿಷಯಕ್ಕೆ ಹೋಗುವ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕು: ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಕಿವಿ ಮಂದವಾಗುವುದು ಬರಿಯ ಗುಗ್ಗೆಯಿಂದ. ಡಾಕ್ಟರು ಅದನ್ನು ತೆಗೆದರೆ ಅಲ್ಲಿಗೆ ಮುಗಿಯಿತು. ಕಡ್ಡಿ, ಹೇರ್‌ಪಿನ್ನು, ಬಿಸಿ ಎಣ್ಣೆಗಳನ್ನು ಕಿವಿಗೆ ಹಾಕಬಾರದು. ಒಂದೇ ಕಿವಿ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಲೆ ಸುತ್ತುತ್ತಿದ್ದರೆ ಮೊಬೈಲಿನ ಗೊಡವೆಗೆ ಹೋಗದೆ ಕಿವಿಯ ಡಾಕ್ಟರನ್ನು ಕಾಣಬೇಕು. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದು ತುರ್ತಿನ ಸಂಗತಿ. ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ಔಷಧಕ್ಕೆ ಗುಣವಾಗುವ ಅವಕಾಶ ಮೊದಲ ಕೆಲವು ದಿನಗಳಲ್ಲೇ ಹೆಚ್ಚು.

ಪರೀಕ್ಷೆ ಕಷ್ಟದ್ದಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಬೇರೆ ಬೇರೆ ಕಂಪನದ ಸಣ್ಣ ಸದ್ದುಗಳನ್ನು ಕೇಳಿಸುತ್ತಾರೆ. ಕೇಳಿಸಿದಾಗ ಬೆರಳೆತ್ತಬೇಕು. ಫಲಿತಾಂಶವನ್ನು ಆಡಿಯೋಗ್ರಾಂ ಎಂಬ ನಕ್ಷೆಯಾಗಿ ಬರೆದುಕೊಡುತ್ತಾರೆ. 500, 1,000, 2,000, 4,000 ಕಂಪನಗಳಲ್ಲಿ ಎಷ್ಟು ಡೆಸಿಬೆಲ್ ಆದಾಗ ಕೇಳಿಸಿತೆಂಬುದರ ಸರಾಸರಿಯನ್ನು ಲೆಕ್ಕ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿಯ ಪ್ರಕಾರ ಈ ಸರಾಸರಿ 20ಕ್ಕಿಂತ ಕಡಮೆಯಿದ್ದರೆ ಕಿವಿ ಸರಿಯಾಗಿದೆ; 20ರಿಂದ 35ರೊಳಗಿದ್ದರೆ ಅಲ್ಪ ಮಂದತೆ; 35ರಿಂದ 50ರೊಳಗಿದ್ದರೆ ಮಧ್ಯಮ. ನನ್ನ ನಕ್ಷೆಯಲ್ಲಿ ಕ್ರಮವಾಗಿ 15, 20, 35, 50 ಎಂದಿತ್ತು. ಸರಾಸರಿ 30. ಅಂಕೆಗಳು ಮೆಟ್ಟಿಲಿಳಿದಂತೆ ಹೋಗಿರುವುದನ್ನು ಗಮನಿಸಿ: ಸ್ವರಗಳ ಕಡೆ ಸರಿಯಾಗಿದೆ, ವ್ಯಂಜನಗಳ ಕಡೆ ಕೆಟ್ಟಿದೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶದಲ್ಲೇ ಹೆಸರಾದದ್ದು. ದೂರದವರು ತಮ್ಮ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಬಹುದು.

ಹೋಗಲು ಹಿಂಜರಿಯುವವರು ಮೊದಲು ಮನೆಯಲ್ಲೇ ಒಂದು ಆಟವಾಡಿ ನೋಡಬಹುದು. ಮನೆಯವರೊಬ್ಬರು ಬಾಯಿಗೆ ಕಾಗದ ಮರೆಮಾಡಿಕೊಂಡು, ಆರಡಿ ದೂರದಿಂದ ಸಹಜವಾದ ದನಿಯಲ್ಲಿ ಹಾಲು, ಸಾಲು, ಕಾಲು, ಪಾಲು. ತಟ್ಟೆ, ಕಟ್ಟೆ, ಪಟ್ಟೆ. ಸರಿ, ಕರಿ, ಹರಿ ಎಂಬ ಮಾತುಗಳನ್ನು ಕ್ರಮ ತಪ್ಪಿಸಿ ಹೇಳಲಿ. ನೀವು ಕೇಳಿಸಿದ್ದನ್ನು ಬರೆದುಕೊಳ್ಳಿ. ಕೊನೆಗೆ ತಾಳೆ ನೋಡಿ. ಇದು ವೈದ್ಯರ ಪರೀಕ್ಷೆಯಲ್ಲ. ವೈದ್ಯರ ಬಳಿಗೆ ಹೋಗಬೇಕೆ ಎಂಬುದನ್ನು ಮನಸ್ಸಿಗೆ ತಂದುಕೊಡುತ್ತದೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ‘ಹಿಯರ್‌ಹೂ’ ಎಂಬ ಉಚಿತ ಆ್ಯಪ್ ಒಂದನ್ನು ಹೊರತಂದಿತು. ಗದ್ದಲದ ನಡುವೆ ಮೂರು ಮೂರು ಅಂಕೆಗಳನ್ನು ಹೇಳುತ್ತಾರೆ, ಕೇಳಿಸಿದ್ದನ್ನು ಒತ್ತಬೇಕು. ಇಂಗ್ಲಿಷಿನ ಅಂಕೆ ಬಲ್ಲವರಿಗೆ ಅದೂ ಉಪಯುಕ್ತ.

ಪರೀಕ್ಷೆಯಲ್ಲಿ ಅಲ್ಪ ಮಂದತೆ ಎಂದು ತಿಳಿದರೆ, ಆಗ ಮೊಬೈಲು ಕೈಗೆತ್ತಿಕೊಳ್ಳಿ. ಇದಕ್ಕೆ ನೆರವಾಗುವ ಆ್ಯಪ್‌ಗಳು ಮುಖ್ಯವಾಗಿ ಎರಡು ಬಗೆ. ಧ್ವನಿಯನ್ನು ತಿದ್ದಿ ಕಿವಿಗೆ ಕೊಡುವುವು ಒಂದು ಬಗೆ. ಮಾತನ್ನು ಅಕ್ಷರ ಮಾಡಿ ಕಣ್ಣಿಗೆ ಕೊಡುವುವು ಇನ್ನೊಂದು ಬಗೆ.

ಮೊದಲ ಬಗೆಯಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಸಂಸ್ಥೆ 2019ರಲ್ಲಿ ಕೊಟ್ಟ ‘ಸೌಂಡ್ ಆಂಪ್ಲಿಫೈಯರ್’ ಎಂಬುದುಂಟು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಕೆಲವು ಫೋನುಗಳಲ್ಲಿ ಮೊದಲೇ ಇರುತ್ತದೆ. ಇಲ್ಲದಿದ್ದರೆ ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಬಹುದು. ಸೆಟ್ಟಿಂಗ್ಸ್‌ನ ಒಳಗೆ ಆಕ್ಸೆಸಿಬಿಲಿಟಿ ಎಂಬ ಭಾಗದಲ್ಲಿ ಇದನ್ನು ಕಾಣಬಹುದು. ಇಯರ್‌ಫೋನು ಹಾಕಿಕೊಂಡು ಇದನ್ನು ತೆರೆದರೆ, ಫೋನಿನ ಮೈಕು ಹಿಡಿದ ಧ್ವನಿ ತಿದ್ದುಪಡಿಯಾಗಿ ಕಿವಿಗೆ ಬರುತ್ತದೆ. ಪರದೆಯ ಮೇಲೆ ಎಳೆಯತಕ್ಕ ಗೆರೆಗಳಿರುತ್ತವೆ. ಮೆಲುದನಿಯನ್ನು ಹೆಚ್ಚಿಸುವುದಕ್ಕೆ ಒಂದು, ತಗ್ಗು-ಕೀಚಲು ಧ್ವನಿಗಳ ಪ್ರಮಾಣವನ್ನು ಹೊಂದಿಸುವುದಕ್ಕೆ ಒಂದು, ಹಿನ್ನೆಲೆಯ ಗದ್ದಲ ತಗ್ಗಿಸುವುದಕ್ಕೆ ಒಂದು. ಎರಡನೆಯದೇ ನಾವು ಮೇಲೆ ಹೇಳಿದ ಟೋನ್ ಗುಂಡಿ. ಬೇಕಾದರೆ ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಹೊಂದಿಸಬಹುದು.

ಹೊಂದಿಸುವ ಕ್ರಮ ಹೀಗೆ. ಮನೆಯಲ್ಲಿ ಸದ್ದಿಲ್ಲದ ಹೊತ್ತಿನಲ್ಲಿ ಕುಳಿತುಕೊಳ್ಳಿ. ಫ್ಯಾನು, ಟಿ.ವಿ. ನಿಲ್ಲಿಸಿ. ಮನೆಯವರೊಬ್ಬರು ಎದುರಿಗೆ ಕುಳಿತು ಪತ್ರಿಕೆಯನ್ನು ಸಹಜವಾಗಿ ಓದಲಿ. ಎಲ್ಲ ಗೆರೆಗಳನ್ನೂ ಕೆಳಗಿಟ್ಟು ಆರಂಭಿಸಿ, ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಏರಿಸಿ. ‘ಸ’ಕಾರ, ‘ಚ’ಕಾರಗಳು ಎದ್ದು ಕೇಳಿಸತೊಡಗಿದರೆ ಅಲ್ಲೇ ನಿಲ್ಲಿಸಿ. ಮೊದಲ ದಿನ ಕಾಗದ ಮುದುಡುವ ಸದ್ದು, ಪಾತ್ರೆಯ ಸದ್ದು ಕರ್ಕಶವಾಗಿ ತೋರುತ್ತದೆ. ವರ್ಷಗಟ್ಟಲೆ ಮರೆತಿದ್ದ ಸದ್ದುಗಳು ಅವು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ಮೂರು ವಾರ ಅಭ್ಯಾಸ ಮಾಡಿದರೆ ಮಿದುಳು ಅವಕ್ಕೆ ಒಗ್ಗಿಕೊಳ್ಳುತ್ತದೆ. ಒಂದೇ ದಿನದಲ್ಲಿ ಬೇಸತ್ತು ಬಿಡಬಾರದು.

ಐಫೋನು ಇರುವವರಿಗೆ ‘ಲೈವ್ ಲಿಸನ್’ ಎಂಬ ಸೌಕರ್ಯವುಂಟು. ಏರ್‌ಪಾಡ್ಸ್ ಎಂಬ ತಂತಿಯಿಲ್ಲದ ಇಯರ್‌ಫೋನಿನೊಂದಿಗೆ ಅದು ಕೆಲಸ ಮಾಡತೊಡಗಿದ್ದು 2018ರಲ್ಲಿ. ಫೋನನ್ನು ಮಾತಾಡುವವರ ಬಳಿ ಇಟ್ಟು ನೀವು ದೂರದಲ್ಲಿ ಕುಳಿತು ಕೇಳಬಹುದು. ಆಡಿಯೋಗ್ರಾಂ ಚೀಟಿಯಲ್ಲಿರುವ ಅಂಕೆಗಳನ್ನು ಫೋನಿಗೆ ತುಂಬಿಸಿ, ಫೋನಿನಲ್ಲಿ ಬರುವ ಕರೆ ಮತ್ತು ಸಂಗೀತದ ಧ್ವನಿಯನ್ನು ನಿಮ್ಮ ಕಿವಿಗೆ ತಕ್ಕಂತೆ ತಿದ್ದಿಸಿಕೊಳ್ಳುವುದೂ ಸಾಧ್ಯ.

ಎರಡನೆಯ ಬಗೆಗೆ ಉದಾಹರಣೆ, ಗೂಗಲ್ಲಿನದೇ ಆದ ‘ಲೈವ್ ಟ್ರಾನ್ಸ್‌ಕ್ರೈಬ್’. ಇದೂ 2019ರದು, ಇದನ್ನು ರೂಪಿಸಿದವರಲ್ಲಿ ಸ್ವತಃ ಕಿವಿ ಕೇಳಿಸದ ವಿಜ್ಞಾನಿಯೊಬ್ಬರಿದ್ದರು. ಎದುರಿನವರು ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ನಾನು ನೋಡಿದಂತೆ ವಾರ್ತೆಯ ಕನ್ನಡವನ್ನು ಚೆನ್ನಾಗಿ ಬರೆಯುತ್ತದೆ. ಮನೆಮಾತಿನ ಕನ್ನಡದಲ್ಲಿ ಎಡವುತ್ತದೆ. ಆದರೂ ಬ್ಯಾಂಕಿನ ಕಿಟಕಿಯ ಮುಂದೆ, ಡಾಕ್ಟರು ಮಾತ್ರೆಯ ಲೆಕ್ಕ ಹೇಳುವಾಗ, ಕಿವಿಗೆ ಬಿದ್ದುದನ್ನು ಕಣ್ಣಿನಿಂದ ತಾಳೆ ನೋಡುವುದಕ್ಕೆ ಬಹಳ ಅನುಕೂಲ. ಮಾತು ಅಂತರ್ಜಾಲದ ಮೂಲಕ ದೂರದ ಗಣಕಯಂತ್ರಕ್ಕೆ ಹೋಗಿ ಅಕ್ಷರವಾಗಿ ಬರುವುದುಂಟು. ಆದಕಾರಣ ಮನೆಯ ಗುಟ್ಟಿನ ಮಾತುಗಳಿಗೆ ಇದನ್ನು ಬಳಸದಿರುವುದು ಲೇಸು. ಇತರರ ಮುಂದೆ ತೆರೆಯುವಾಗ ಅವರ ಒಪ್ಪಿಗೆ ಕೇಳುವುದೂ ಮರ್ಯಾದೆ.

ಇನ್ನು ಬಳಸುವಾಗಿನ ಕೆಲವು ಎಚ್ಚರಗಳು. ಧ್ವನಿ ತಿದ್ದುವ ಆ್ಯಪ್‌ಗೆ ಸಾಧ್ಯವಾದರೆ ತಂತಿಯ ಇಯರ್‌ಫೋನನ್ನೇ ಬಳಸಿ. ತಂತಿಯಿಲ್ಲದವುಗಳಲ್ಲಿ ಧ್ವನಿ ಕಿವಿಗೆ ಬರುವುದು ಕ್ಷಣದ ಒಂದಂಶ ತಡವಾಗುತ್ತದೆ. ತುಟಿ ಆಡುವುದೊಂದು, ಕೇಳಿಸುವುದೊಂದು ಆಗುತ್ತದೆ. ನಿಮ್ಮದೇ ಮಾತು ನಿಮಗೆ ಮಾರ್ದನಿಗೊಡುತ್ತದೆ. ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರೆ ಬಟ್ಟೆ ಉಜ್ಜುವ ಸದ್ದಲ್ಲದೆ ಬೇರೇನೂ ಕೇಳಿಸದು. ಅದನ್ನು ಮೇಜಿನ ಮೇಲೆ, ಮಾತಾಡುವವರ ಕಡೆಗೆ ಇಡಬೇಕು, ಹತ್ತಿರವಿದ್ದಷ್ಟೂ ಒಳ್ಳೆಯದು. ಬಯಲಲ್ಲಿ ದೂರವನ್ನು ಅರ್ಧ ಮಾಡಿದರೆ ಧ್ವನಿ 6 ಡೆಸಿಬೆಲ್ ಹೆಚ್ಚುತ್ತದೆ. ಯಾವ ಆ್ಯಪ್‌ನ ಗೆರೆಯನ್ನು ಎಳೆಯುವುದಕ್ಕಿಂತಲೂ ಇದು ಸುಲಭದ ಉಪಾಯ. ಫೋನಿನ ಒಟ್ಟು ಧ್ವನಿಯನ್ನು ನೂರಕ್ಕೆ ಅರುವತ್ತಕ್ಕಿಂತ ಮೇಲೆ ಏರಿಸಬಾರದು. ಉಳಿದಿರುವ ರೋಮಕೋಶಗಳನ್ನು ಕಳೆದುಕೊಳ್ಳುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತಾದೀತು. ರಸ್ತೆಯಲ್ಲಿ ನಡೆಯುವಾಗ ಇಯರ್‌ಫೋನು ಕಿವಿಯಲ್ಲಿರಲೇಬಾರದು.

ಈ ನೆರವಿಗೂ ಮಿತಿಯುಂಟು. ಮನೆಯ ಪಡಸಾಲೆಯಲ್ಲಿ ಒಬ್ಬಿಬ್ಬರೊಡನೆ ಮಾತಾಡುವಾಗ, ಟಿ.ವಿ. ನೋಡುವಾಗ, ಹತ್ತಿರ ಕುಳಿತು ಉಪನ್ಯಾಸ ಕೇಳುವಾಗ ಮೊಬೈಲು ಚೆನ್ನಾಗಿ ಸಹಕರಿಸುತ್ತದೆ. ಮದುವೆಮನೆಯಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಗದ್ದಲವನ್ನೂ ಮಾತನ್ನೂ ಒಟ್ಟಿಗೆ ಎತ್ತಿ ಕಿವಿಗೆ ಸುರಿಯುತ್ತದೆ. ನನ್ನ ತರಗತಿಯಲ್ಲೂ ಅದನ್ನು ಪ್ರಯತ್ನಿಸಿದೆ. ಐವತ್ತು ಮಕ್ಕಳಿರುವ ಕೋಣೆ, ತಗಡಿನ ಮಾಡು, ಹೊರಗೆ ಆಟದ ಪಿರಿಯಡ್ಡು. ಹಿಂದಿನ ಬೆಂಚಿನ ಉತ್ತರಕ್ಕಿಂತ ಮುಂದಿನ ಬೆಂಚಿನ ಪಿಸುಮಾತೇ ಚೆನ್ನಾಗಿ ಕೇಳಿಸಿತು! ಶ್ರವಣತಜ್ಞರನ್ನು ಕೇಳಿದಾಗ ಅವರು, ಮನೆಯ ಮಟ್ಟಿಗೆ ಮೊಬೈಲು ಸಾಕು, ದಿನವಿಡೀ ಕೇಳುವುದೇ ಉದ್ಯೋಗವಾದವರಿಗೆ ಅಳತೆಗೆ ಹೊಂದಿಸಿದ ಶ್ರವಣಯಂತ್ರವೇ ತಕ್ಕದ್ದು ಎಂದರು.

ಹಾಗೆಂದು ಅಂಗಡಿಯಲ್ಲೋ ಜಾಹೀರಾತಿನಲ್ಲೋ ಅಗ್ಗಕ್ಕೆ ಸಿಕ್ಕುವ ‘ಕಿವಿ ಮಿಷನ್ನು’ ಕೊಂಡು ಮೋಸಹೋಗಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಜ್ಞರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅಲ್ಪ ಹಾಗೂ ಮಧ್ಯಮ ಮಂದತೆಯ 42 ಮಂದಿಗೆ ಗದ್ದಲದ ನಡುವೆ ಮಾತು ಕೇಳಿಸಿದರು. ಏನನ್ನೂ ಹಾಕದಿದ್ದಾಗ ಅವರಿಗೆ ನೂರಕ್ಕೆ ಸುಮಾರು 77 ಮಾತುಗಳು ತಿಳಿದವು. ಒಳ್ಳೆಯ ಶ್ರವಣಯಂತ್ರ ಹಾಕಿದಾಗ 88. ಸಾಧಾರಣ ಬೆಲೆಯ ಕೆಲವು ಧ್ವನಿವರ್ಧಕ ಸಾಧನಗಳೂ ಅದರ ಹತ್ತಿರಕ್ಕೆ ಬಂದವು. ಆದರೆ ತೀರ ಅಗ್ಗದ ಒಂದನ್ನು ಹಾಕಿದಾಗ 65ಕ್ಕೆ ಇಳಿಯಿತು. ಏನೂ ಇಲ್ಲದಿದ್ದುದೇ ವಾಸಿ ಎಂಬಂತಾಯಿತು. ಎಲ್ಲವನ್ನೂ ಒಂದೇ ಸಮನೆ ಅಬ್ಬರಿಸುವ ಯಂತ್ರದಿಂದ ಆಗುವುದು ಇಷ್ಟೇ.

ಮೊಬೈಲಿಗೂ ಶ್ರವಣಯಂತ್ರಕ್ಕೂ ನಡುವಣ ಗೋಡೆ ಈಗ ತೆಳುವಾಗುತ್ತ ಬರುತ್ತಿದೆ. 2022ರ ಅಕ್ಟೋಬರಿನಿಂದ ಅಮೆರಿಕದಲ್ಲಿ, ಅಲ್ಪ ಮತ್ತು ಮಧ್ಯಮ ಮಂದತೆಯಿರುವ ವಯಸ್ಕರು ಡಾಕ್ಟರ ಚೀಟಿಯಿಲ್ಲದೆ ಅಂಗಡಿಯಲ್ಲೇ ಶ್ರವಣಯಂತ್ರ ಕೊಳ್ಳಬಹುದೆಂದು ಕಾನೂನಾಯಿತು. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು, ಆಪಲ್ ಸಂಸ್ಥೆಯ ಏರ್‌ಪಾಡ್ಸ್ ಪ್ರೊ ಎಂಬ ಇಯರ್‌ಫೋನು ಶ್ರವಣಯಂತ್ರವಾಗಿ ಕೆಲಸ ಮಾಡುವಂತೆ ಮಾಡುವ ಸಾಫ್ಟ್‌ವೇರಿಗೆ ಅನುಮತಿ ಕೊಟ್ಟಿತು. ಆ ವರ್ಷ ಈ ಸೌಕರ್ಯ ಭಾರತದಲ್ಲಿ ತೆರೆದಿರಲಿಲ್ಲ. ಬೆಂಗಳೂರಿನ ಮೂವರು ತರುಣರು ಮನೆಯ ಅಜ್ಜಿಗಾಗಿ ಇದನ್ನು ಕೊಂಡು, ಕೆಲಸ ಮಾಡದಿರಲು, ಲೋಹದ ಹಾಳೆಯ ಗೂಡು ಕಟ್ಟಿ, ಮೈಕ್ರೋವೇವ್ ಒಲೆಯನ್ನೂ ಉಪಯೋಗಿಸಿ, ತಾನು ಅಮೆರಿಕದಲ್ಲೇ ಇದ್ದೇನೆಂದು ಯಂತ್ರಕ್ಕೆ ಭ್ರಮೆ ಹುಟ್ಟಿಸಿ ಅದನ್ನು ತೆರೆದರು. 2024ರ ನವೆಂಬರಿನಲ್ಲಿ ಈ ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತು. ನಾವು ನೀವು ಅಷ್ಟು ಸಾಹಸ ಮಾಡಬೇಕಾಗಿಲ್ಲ. ಇಂಥ ದುಬಾರಿ ವಸ್ತುವನ್ನು ಕೊಳ್ಳುವ ಮುನ್ನ, ಬೇಕಾದ ಸೌಕರ್ಯ ನಮ್ಮ ದೇಶದಲ್ಲಿ ಕೆಲಸ ಮಾಡುತ್ತದೆಯೇ ಎಂದು ಅಂಗಡಿಯಲ್ಲಿ ತೋರಿಸಿಕೊಂಡು ಕೊಂಡರೆ ಸಾಕು.

ರೇಡಿಯೋ ಕೇಳುವವರಿಗೆ ಒಂದೆರಡು ಮಾತು. ಮಧ್ಯಮ ತರಂಗದಲ್ಲಿ ಬರುವ ಧ್ವನಿಯಲ್ಲಿ ಸುಮಾರು 4,500 ಕಂಪನಗಳಿಗಿಂತ ಮೇಲಿನದು ಹೆಚ್ಚಾಗಿ ಉಳಿಯುವುದಿಲ್ಲ. ಎಫ್.ಎಂ.ನಲ್ಲಿ 15,000ದವರೆಗೂ ಬರುತ್ತದೆ. ಅಂದರೆ ಸಕಾರ ಶಕಾರಗಳು ಎಫ್.ಎಂ.ನಲ್ಲೇ ಹೆಚ್ಚು ಸ್ಪಷ್ಟ. ನಿಮ್ಮ ಊರಿಗೆ ಎಫ್.ಎಂ. ಸಿಕ್ಕುವುದಾದರೆ ಅದರಲ್ಲೇ ಕೇಳಿ. ಇಲ್ಲವೆ ಮೊಬೈಲಿನ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿಯ ನಿಲಯಗಳನ್ನು ಇಯರ್‌ಫೋನು ಹಾಕಿಕೊಂಡು ಕೇಳಿ. ಹಳೆಯ ಟೆಲಿಫೋನಿನಲ್ಲಂತೂ 3,400 ಕಂಪನಗಳಿಗೆ ಮೇಲಿನದು ಬರುತ್ತಲೇ ಇರಲಿಲ್ಲ. ಫೋನಿನಲ್ಲಿ ಹೆಸರನ್ನೂ ಅಂಕೆಯನ್ನೂ ಎರಡೆರಡು ಸಲ ಕೇಳಿ ಬರೆದುಕೊಳ್ಳುವುದು ಒಳ್ಳೆಯ ಕಿವಿಯವರಿಗೂ ಒಳ್ಳೆಯ ಅಭ್ಯಾಸವೇ.

ಮನೆಯವರ ಪಾಲಿನ ಕೆಲಸವೂ ಉಂಟು. ಅದಕ್ಕೆ ಕಾಸಿನ ಖರ್ಚಿಲ್ಲ. ಅಡಿಗೆಮನೆಯಿಂದ ಕೂಗಬೇಡಿ, ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು ಮಾತಾಡಿ. ಪಕಾರ ಓಷ್ಠ್ಯ, ಅದಕ್ಕೆ ತುಟಿಗಳೆರಡೂ ಕೂಡಬೇಕು. ಹಕಾರಕ್ಕೆ ಕೂಡಬೇಕಾಗಿಲ್ಲ. ಕಿವಿಗೆ ತಿಳಿಯದ ಈ ಭೇದ ಕಣ್ಣಿಗೆ ಕ್ಷಣದಲ್ಲಿ ತಿಳಿಯುತ್ತದೆ. ಕೊರೋನಾದ ಕಾಲದಲ್ಲಿ, 2020 ಮತ್ತು 2021ರಲ್ಲಿ, ಎಲ್ಲರ ಬಾಯಿಗೂ ಮಾಸ್ಕು ಬಂದಾಗ ಎಷ್ಟೋ ಮಂದಿಗೆ ತಮ್ಮ ಕಿವಿ ಮಂದವೆಂಬುದು ಗೊತ್ತಾದದ್ದು ಈ ಕಾರಣದಿಂದಲೇ. ಹೇಳಿದ್ದು ತಿಳಿಯದಿದ್ದರೆ ಅದನ್ನೇ ಮತ್ತೆ ಕಿರುಚುವ ಬದಲು ಬೇರೆ ಮಾತಿನಲ್ಲಿ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, “ಏನಿಲ್ಲ, ಬಿಡಿ” ಎನ್ನಬೇಡಿ. ಈ ಮಾತನ್ನು ನಾಲ್ಕು ಸಲ ಕೇಳಿದವರು ಐದನೆಯ ಸಲ ಕೇಳುವುದನ್ನೇ ಬಿಡುತ್ತಾರೆ. ನಗುವಾಗ ನಕ್ಕು, ತಲೆಯಾಡಿಸುವಾಗ ತಲೆಯಾಡಿಸಿ, ಮೆಲ್ಲಗೆ ಮಾತಿನಿಂದ ಹಿಂದೆ ಸರಿಯುತ್ತಾರೆ. ಇಳಿವಯಸ್ಸಿನಲ್ಲಿ ಮರೆವಿನ ರೋಗ ಬರುವುದಕ್ಕೆ ಕಾರಣವಾಗಬಲ್ಲ, ನಾವು ತಡೆಗಟ್ಟಬಹುದಾದ ಹದಿನಾಲ್ಕು ಅಂಶಗಳನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಲಿ 2024ರಲ್ಲಿ ಪಟ್ಟಿಮಾಡಿತು; ಕಿವಿಯ ಮಂದತೆಯೂ ಅವುಗಳಲ್ಲಿ ಒಂದು.

ನಲವತ್ತಕ್ಕೆ ಕನ್ನಡಕ ಬಂದಾಗ ನಾವು ಯಾರೂ ನಾಚಲಿಲ್ಲ. ಅದು ಮೇಷ್ಟರಿಗೆ ಭೂಷಣವೆಂದೂ ಕೆಲವರು ಹೇಳಿದರು. ಕಿವಿಯ ಮಾತು ಬಂದಾಗ ಮಾತ್ರ ಮುಚ್ಚಿಡುತ್ತೇವೆ. ನಾನು ಮುಚ್ಚಿಟ್ಟ ಎರಡು ಮೂರು ವರ್ಷಗಳಲ್ಲಿ ‘ಹಾಲು’ ಎಂದ ಇನ್ನೆಷ್ಟು ಮಕ್ಕಳಿಗೆ ‘ಪಾಲು’ ಎಂದೆಯೆಂದು ಗದರಿಸಿದೆನೋ ಲೆಕ್ಕವಿಲ್ಲ.

ಪರೀಕ್ಷೆಯ ಚೀಟಿ ಕೈಗೆ ಬಂದ ಮರುದಿನ ಅದನ್ನು ತರಗತಿಗೆ ಒಯ್ದು, ಹಲಗೆಯ ಮೇಲೆ ಆ ಇಳಿಜಾರಿನ ಗೆರೆಯನ್ನು ಬರೆದು, ನನಗೆ ಯಾವ ಅಕ್ಷರ ಕೇಳಿಸುತ್ತದೆ, ಯಾವುದು ಕೇಳಿಸುವುದಿಲ್ಲ ಎಂಬುದನ್ನು ಮಕ್ಕಳಿಗೆ ವಿವರಿಸಿದೆ. ಘೋಷ ಅಘೋಷಗಳ ಪಾಠ ಅಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ. ಆ ಹುಡುಗಿಯ ಬಳಿ ಎಲ್ಲರೆದುರಿಗೆ, “ಅವತ್ತು ನೀನು ಸರಿಯಾಗೇ ಹೇಳಿದ್ದೆಯಮ್ಮ, ತಪ್ಪು ನನ್ನದು” ಎಂದೆ. ಅವಳು ತಲೆತಗ್ಗಿಸಿ, “ಪರವಾಗಿಲ್ಲ, ಸರ್” ಎಂದಳು. ಮೆಲ್ಲಗೇ ಹೇಳಿದಳು, ಬೆಂಚಿನವರೆಗೂ ನಡೆದು ಹೋಗಿ ಎದುರಿಗೆ ನಿಂತಿದ್ದುದರಿಂದ ಕೇಳಿಸಿತು. ಈಗ ಶಾಲೆಯಲ್ಲಿ ಶ್ರವಣಯಂತ್ರ ಹಾಕಿಕೊಳ್ಳುತ್ತೇನೆ, ಮನೆಯಲ್ಲಿ ಮೊಬೈಲು. ಬರೆಯುತ್ತ ಪ್ರಶ್ನೆ ಕೇಳುವ ಅಭ್ಯಾಸವನ್ನು ಬಿಟ್ಟಿದ್ದೇನೆ. ನಮ್ಮ ಮನೆಯ ರೇಡಿಯೋ ಗುಂಡಿ ಸ್ವಲ್ಪ ಎಡಕ್ಕೆ ಬಂದಿದೆ. ಓದುವವರ ಉಚ್ಚಾರಣೆಯೂ ಈಗ ಬಹಳ ಸುಧಾರಿಸಿದಂತೆ ತೋರುತ್ತದೆ!